ಲಿನಕ್ಸ್ ಡ್ರೈವರ್‌ಗೆ ಇಂಟರಪ್ಟ್ ಸರಿಯಾಗಿ ಬರುತ್ತಿಲ್ಲವೇ? ತಂತಿಯಿಂದ ಕೋಡ್‌ವರೆಗೆ ಹುಡುಕುವ ಕ್ರಮ

ಬದಿಯಡ್ಕದ ಹತ್ತಿರದ ನನ್ನ ಕೆಲಸದ ಕೋಣೆಗೆ ಬರುವ ಬೋರ್ಡುಗಳಲ್ಲಿ ಒಂದೇ ತೊಂದರೆ ಮತ್ತೆ ಮತ್ತೆ ಕಾಣುತ್ತದೆ. ಅಡಿಕೆ ತೋಟದ ಟ್ಯಾಂಕಿಗೆ ಫ್ಲೋಟ್ ಸ್ವಿಚ್, ಪೈಪಿಗೆ ಫ್ಲೋ ಸೆನ್ಸರ್, ಅಂಗಳದಲ್ಲಿ ಮಳೆಮಾಪಕ ಇಟ್ಟು ರಾಸ್ಪ್‌ಬೆರಿ ಪೈಯಂಥ ಬೋರ್ಡಿನಲ್ಲಿ ಲಿನಕ್ಸ್ ಓಡಿಸಿರುತ್ತಾರೆ. ಡ್ರೈವರ್ (ಸೆನ್ಸರನ್ನು ನೋಡಿಕೊಳ್ಳುವ ಕರ್ನಲ್ ಕೋಡ್) ಲೋಡ್ ಆಗುತ್ತದೆ, ಎರರ್ ಇಲ್ಲ, ಆದರೆ ಇಂಟರಪ್ಟ್, ಅಂದರೆ ಏನೋ ಆಯಿತು ಎಂದು ಸೆನ್ಸರ್ ಸಿಪಿಯುವಿಗೆ ಕೊಡುವ ಕರೆ, ಬರುವುದಿಲ್ಲ. ಅಥವಾ ಒಮ್ಮೆ ಬಂದು ನಿಂತುಬಿಡುತ್ತದೆ. ಅಥವಾ ಬಿಡುವಿಲ್ಲದೆ ಬಂದು ಬೋರ್ಡೇ ಮರಗಟ್ಟುತ್ತದೆ. ನನ್ನಲ್ಲಿಗೆ ಬರುವ ಹೊತ್ತಿಗೆ ಹ್ಯಾಂಡ್ಲರ್ ಕೋಡನ್ನು (ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್) ಹತ್ತಾರು ಸಲ ತಿದ್ದಿ ಆಗಿರುತ್ತದೆ. ತಪ್ಪು ಇರುವುದು ಹೆಚ್ಚಾಗಿ ಅಲ್ಲಿ ಅಲ್ಲ.

ಮಂಗಳೂರಿನಿಂದ ಹೊರಟ ಬಸ್ಸು ಕಾಸರಗೋಡು ತಲುಪಿಲ್ಲ ಅಂದರೆ ನಾವು ಏನು ಕೇಳುತ್ತೇವೆ? ತಲಪಾಡಿ ದಾಟಿತೇ, ಉಪ್ಪಳ ದಾಟಿತೇ, ಕುಂಬಳೆಯಲ್ಲಿ ಕಂಡವರು ಇದ್ದಾರೆಯೇ ಎಂದು. ಇಂಟರಪ್ಟ್ ಹುಡುಕುವುದೂ ಹಾಗೆಯೇ. ಸೆನ್ಸರ್, ತಂತಿ, ಪಿನ್, ಇಂಟರಪ್ಟ್ ಕಂಟ್ರೋಲರ್, ಕರ್ನಲ್, ಕೊನೆಗೆ ನಿಮ್ಮ ಹ್ಯಾಂಡ್ಲರ್. ಯಾವ ನಿಲ್ದಾಣದವರೆಗೆ ಬಂದಿದೆ ಎಂದು ಗೊತ್ತಾಗುವ ತನಕ ಕೋಡ್ ಮುಟ್ಟಬಾರದು. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ.

ಬೇಕಾದ ಸಲಕರಣೆಗಳು

ಮಲ್ಟಿಮೀಟರ್ ಒಂದು. ಯುಎಸ್‌ಬಿ ಲಾಜಿಕ್ ಅನಲೈಸರ್ ಒಂದು. ಎಂಟು ಚಾನೆಲ್‌ನ ಅಗ್ಗದ್ದೇ ಸಾಕು, ಪಲ್ಸ್‌ವ್ಯೂ ತಂತ್ರಾಂಶದಲ್ಲಿ ನೋಡಬಹುದು. 3.3 ವೋಲ್ಟ್‌ನ ಯುಎಸ್‌ಬಿ-ಸೀರಿಯಲ್ ಕೇಬಲ್ ಒಂದು. ಈ ಸೀರಿಯಲ್ ಕೇಬಲನ್ನು ಹಲವರು ಬೇಡವೆಂದು ಬಿಡುತ್ತಾರೆ. ಇಂಟರಪ್ಟ್ ಮಳೆಗರೆದಾಗ ಮೊದಲು ಸಾಯುವುದು ನೆಟ್‌ವರ್ಕ್, ಆಗ ಕರ್ನಲ್ ಹೇಳುವ ಕೊನೆಯ ಮಾತು ಸೀರಿಯಲ್‌ನಲ್ಲಿ ಮಾತ್ರ ಸಿಗುತ್ತದೆ. ಎರಡು 10 ಕಿಲೋ ಓಮ್, ಒಂದು 20 ಕಿಲೋ ಓಮ್, ಒಂದು 1 ಕಿಲೋ ಓಮ್ ರೆಸಿಸ್ಟರ್, ಒಂದು ತುಂಡು ಜಂಪರ್ ತಂತಿಯೂ ಕೈಯಲ್ಲಿರಲಿ.

ಕರ್ನಲ್‌ನಲ್ಲಿ ಡಿಬಗ್-ಎಫ್‌ಎಸ್ ಮೌಂಟ್ ಆಗಿರಬೇಕು; ಅದು ಕರ್ನಲ್ ತನ್ನ ಒಳಗಿನ ಸ್ಥಿತಿಯನ್ನು ಫೈಲುಗಳಾಗಿ ತೋರಿಸುವ ಜಾಗ, ಮುಂದೆ ಡಿಬಗ್ ಫೋಲ್ಡರ್ ಎಂದಿರುವುದು ಇದನ್ನೇ. ಜೆನೆರಿಕ್ ಐಆರ್‌ಕ್ಯು ಡಿಬಗ್-ಎಫ್‌ಎಸ್ ಎಂಬ ಆಯ್ಕೆಯನ್ನೂ ಹಾಕಿ ಕರ್ನಲ್ ಕಟ್ಟಿಕೊಂಡರೆ ಬಹಳ ಅನುಕೂಲ. ಜಿಪಿಐಒ ಪಿನ್ನುಗಳನ್ನು (ಬೋರ್ಡಿನ ಸಾಮಾನ್ಯ ಬಳಕೆಯ ಪಿನ್ನುಗಳನ್ನು) ನೋಡುವ ಲಿಬ್-ಜಿಪಿಐಒಡಿ ಉಪಕರಣಗಳನ್ನೂ ಹಾಕಿಕೊಳ್ಳಿ. ಈ ಬರಹದಲ್ಲಿ ಫಂಕ್ಷನ್ ಹೆಸರುಗಳನ್ನು ಬಿಡಿ ಪದಗಳಾಗಿ ಬರೆದಿದ್ದೇನೆ; ಕೋಡಿನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಬರುತ್ತದೆ.

ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಪಂಪ್ ಶೆಡ್‌ನಲ್ಲಿ ಕೆಲಸ ಮಾಡುವಾಗ ಸ್ಟಾರ್ಟರ್ ಬಾಕ್ಸಿನ ಮೈನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಳಚಿ ಕಿಸೆಯಲ್ಲಿಟ್ಟುಕೊಳ್ಳಿ. ಒದ್ದೆ ನೆಲ, ಬರಿಗಾಲು, ಮೂರು ಫೇಸ್ ಕರೆಂಟು ಒಟ್ಟಿಗೆ ಸೇರಬಾರದು. ನಮ್ಮ ಪರೀಕ್ಷೆಗೆ ಮೋಟಾರ್ ಓಡಬೇಕೆಂದಿಲ್ಲ.

ಹಂತ 1: ಲಕ್ಷಣ ಯಾವುದೆಂದು ಬರೆದುಕೊಳ್ಳಿ

ಪ್ರಾಕ್ ಫೋಲ್ಡರ್‌ನೊಳಗೆ ಇಂಟರಪ್ಟ್ಸ್ ಎಂಬ ಫೈಲ್ ಉಂಟು. ಅದನ್ನು ಓದಿ, ಸೆನ್ಸರನ್ನು ಐದು ಸಲ ಅಲುಗಿಸಿ, ಮತ್ತೊಮ್ಮೆ ಓದಿ. ನಿಮ್ಮ ಡ್ರೈವರ್ ಹೆಸರಿರುವ ಸಾಲಿನಲ್ಲಿ ಎಡದಿಂದ ಲಿನಕ್ಸ್ ಕೊಟ್ಟ ಇಂಟರಪ್ಟ್ ಸಂಖ್ಯೆ, ಒಂದೊಂದು ಸಿಪಿಯುವಿನ ಎಣಿಕೆ, ಕಂಟ್ರೋಲರ್ ಹೆಸರು, ಹಾರ್ಡ್‌ವೇರ್ ಸಂಖ್ಯೆ, ಎಡ್ಜ್ ಅಥವಾ ಲೆವೆಲ್ ಎಂಬ ಗುರುತು (ಸಿಗ್ನಲ್ ಬದಲಾಗುವ ಕ್ಷಣಕ್ಕೆ ಸ್ಪಂದಿಸುವುದು ಎಡ್ಜ್, ಒಂದು ಮಟ್ಟದಲ್ಲಿ ಇರುವಷ್ಟು ಹೊತ್ತೂ ಸ್ಪಂದಿಸುವುದು ಲೆವೆಲ್), ಕೊನೆಗೆ ಡ್ರೈವರ್ ಹೆಸರು ಇರುತ್ತದೆ.

ಎರಡು ಓದುಗಳ ನಡುವಿನ ವ್ಯತ್ಯಾಸವೇ ನಿಮ್ಮ ದಾರಿದೀಪ. ಸಾಲೇ ಇಲ್ಲವೆಂದರೆ ಡ್ರೈವರ್ ಇಂಟರಪ್ಟ್ ಕೇಳಿಯೇ ಇಲ್ಲ, ಅಥವಾ ಕೇಳಿದ್ದು ಸಿಕ್ಕಿಲ್ಲ. 4 ಮತ್ತು 6ನೇ ಹಂತ ಮುಖ್ಯ. ಸಾಲು ಉಂಟು, ಎಣಿಕೆ ಸೊನ್ನೆಯೆಂದರೆ 2 ಮತ್ತು 3. ಒಂದಕ್ಕೆ ಬಂದು ನಿಂತಿದ್ದರೆ 5 ಮತ್ತು 7. ಸಾವಿರಗಟ್ಟಲೆ ಏರುತ್ತಿದ್ದರೂ 5 ಮತ್ತು 7. ಎಣಿಕೆ ಸರಿಯಾಗಿ ಐದು ಏರಿದರೆ ಇಂಟರಪ್ಟ್ ಕಾಸರಗೋಡು ತಲುಪಿದೆ, ತೊಂದರೆ ಹ್ಯಾಂಡ್ಲರ್ ಒಳಗೆ ಅಥವಾ ಅದರಾಚೆ ಇದೆ. ಅಂದಾಜಿನಲ್ಲಿ ಹೇಳಬೇಡಿ, ಸಂಖ್ಯೆಯನ್ನು ಕಾಗದದಲ್ಲಿ ಬರೆಯಿರಿ.

ಹಂತ 2: ತಂತಿಯಲ್ಲಿ ಸಿಗ್ನಲ್ ಉಂಟೇ?

ಮೀಟರಿನ ಕಪ್ಪು ಮೊನೆ ಬೋರ್ಡಿನ ಗ್ರೌಂಡಿಗೆ, ಕೆಂಪು ಮೊನೆ ಇಂಟರಪ್ಟ್ ಪಿನ್ನಿಗೆ. ಸೆನ್ಸರ್ ಸುಮ್ಮನಿರುವಾಗ ಸುಮಾರು 3.3 ವೋಲ್ಟ್ ಅಥವಾ ಸೊನ್ನೆಗೆ ಹತ್ತಿರ, ಎರಡರಲ್ಲಿ ಒಂದು ಕಾಣಬೇಕು. 1.1, 0.8 ಎಂದು ನಡುವೆ ಓಲಾಡಿದರೆ ಲೈನ್ ಗಾಳಿಯಲ್ಲಿ ತೇಲುತ್ತಿದೆ ಎಂದರ್ಥ. ಪಿಸಿಎಫ್8574ರಂಥ ಚಿಪ್ಪುಗಳ ಇಂಟರಪ್ಟ್ ಪಿನ್ ಓಪನ್ ಡ್ರೈನ್; ಅದು ಲೈನನ್ನು ಕೆಳಗೆ ಎಳೆಯಬಲ್ಲದು, ಮೇಲೆ ತಳ್ಳಲಾರದು. ಮೇಲಕ್ಕೆತ್ತಲು 3.3 ವೋಲ್ಟಿಗೆ 10 ಕಿಲೋ ಓಮ್ ಪುಲ್-ಅಪ್ ಬೇಕೇ ಬೇಕು. ಪೈಯ ಒಳಗಿನ ಪುಲ್-ಅಪ್ ಸುಮಾರು 50 ಕಿಲೋ ಓಮ್ ಮಾತ್ರ. ಮೇಜಿನ ಮೇಲೆ ಅದು ನಡೆಯುತ್ತದೆ, ತೋಟದ ಉದ್ದ ತಂತಿಗೆ ನಡೆಯುವುದಿಲ್ಲ.

ಸೆನ್ಸರಿಗೆ ಬೇರೆ ಅಡಾಪ್ಟರ್, ಬೋರ್ಡಿಗೆ ಬೇರೆ ಅಡಾಪ್ಟರ್ ಇಟ್ಟವರು ಎರಡರ ಗ್ರೌಂಡ್ ಸೇರಿಸಲು ಮರೆತಿರುತ್ತಾರೆ. ಅದನ್ನು ನೋಡಿ.

ಇನ್ನೊಂದು, ಬೋರ್ಡನ್ನೇ ಕೊಲ್ಲುವ ತಪ್ಪು. ವೈಎಫ್-ಎಸ್201 ಫ್ಲೋ ಸೆನ್ಸರಿಗೆ 5 ವೋಲ್ಟ್ ಕೊಟ್ಟರೆ ಅದರ ಪಲ್ಸ್ ಕೂಡ 5 ವೋಲ್ಟಿನ ಹತ್ತಿರವೇ ಬರುತ್ತದೆ. ಪೈಯ ಪಿನ್ನುಗಳು 3.3 ವೋಲ್ಟಿನವು, 5 ತಾಳುವುದಿಲ್ಲ. ಸಿಗ್ನಲ್ ತಂತಿಯಲ್ಲಿ 10 ಕಿಲೋ ಓಮ್, ಪಿನ್ನಿನಿಂದ ಗ್ರೌಂಡಿಗೆ 20 ಕಿಲೋ ಓಮ್ ಹಾಕಿದರೆ 3.33 ವೋಲ್ಟಿಗೆ ಇಳಿಯುತ್ತದೆ. ಹಿಂದೆ ನೇರ ಜೋಡಿಸಿ ಆಗಿದ್ದರೆ ಆ ಪಿನ್ನನ್ನು ನಂಬಬೇಡಿ, ಬೇರೆ ಪಿನ್ನಿಗೆ ಬದಲಾಯಿಸಿ.

ಈಗ ಲಾಜಿಕ್ ಅನಲೈಸರ್ ಹಚ್ಚಿ ಸೆನ್ಸರ್ ಅಲುಗಿಸಿ. ನೋಡಬೇಕಾದ್ದು ಎರಡು: ಸಿಗ್ನಲ್ ಯಾವ ದಿಕ್ಕಿಗೆ ಹೋಗುತ್ತದೆ, ಎಷ್ಟು ಹೊತ್ತು ಅಲ್ಲೇ ನಿಲ್ಲುತ್ತದೆ. ಆ ಅಲೆಯ ಚಿತ್ರವನ್ನು ಉಳಿಸಿಡಿ, 5ನೇ ಹಂತದಲ್ಲಿ ಅದೇ ಸಾಕ್ಷಿ.

ಹಂತ 3: ಡ್ರೈವರ್ ತೆಗೆದು ಪಿನ್ ಮಾತ್ರ ಪರೀಕ್ಷಿಸಿ

ಸೆನ್ಸರ್ ಜಿಪಿಐಒ ಪಿನ್ನಿಗೆ ಬರುವುದಾದರೆ ಈ ಹಂತ ಅರ್ಧ ದಿನದ ಕೆಲಸ ಉಳಿಸುತ್ತದೆ. ನಿಮ್ಮ ಮಾಡ್ಯೂಲನ್ನು ಅನ್‌ಲೋಡ್ ಮಾಡಿ, ಜಿಪಿಐಒಮಾನ್ ಕಮಾಂಡಿಗೆ ಚಿಪ್ ಮತ್ತು ಲೈನ್ ಸಂಖ್ಯೆ ಕೊಟ್ಟು ಓಡಿಸಿ. ಲಿಬ್-ಜಿಪಿಐಒಡಿಯ ಎರಡನೇ ಆವೃತ್ತಿಯಲ್ಲಿ ಚಿಪ್ ಹೆಸರಿನ ಮುಂದೆ ಸಿ ಎಂಬ ಆಯ್ಕೆ ಬೇಕು, ಹಳೆಯದರಲ್ಲಿ ಬೇಡ. ಲೈನ್ ಬಿಝಿ ಎಂದರೆ ಯಾರೋ ಹಿಡಿದಿದ್ದಾರೆ. ಜಿಪಿಐಒಇನ್ಫೋ ಕಮಾಂಡ್ ಆ ಹೆಸರು ಹೇಳುತ್ತದೆ.

ಜಿಪಿಐಒಮಾನ್ ಕೂಡ ಒಳಗೆ ಕರ್ನಲ್‌ನ ಇಂಟರಪ್ಟನ್ನೇ ಬಳಸುತ್ತದೆ. ಸೆನ್ಸರ್ ಅಲುಗಿಸಿದಾಗ ಅದರಲ್ಲಿ ಸಾಲು ಮೂಡಿದರೆ ತಂತಿ, ಪಿನ್, ಕಂಟ್ರೋಲರ್ ಎಲ್ಲವೂ ಸರಿ ಇವೆ. ಮೂಡದಿದ್ದರೆ ನಿಮ್ಮ ಡ್ರೈವರ್ ಕೋಡ್ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಮೂಡದೆ ಇರಲು ನಾನು ಕಂಡ ಮುಖ್ಯ ಕಾರಣ ಪಿನ್ ಸಂಖ್ಯೆಯ ಗೊಂದಲ. ಪೈಯ 40 ಪಿನ್ನಿನ ಸಾಲಿನಲ್ಲಿ 11ನೇ ಪಿನ್ ಎಂದರೆ ಜಿಪಿಐಒ 17. ಆದರೆ ಎಣಿಸಿ 17ನೇ ಪಿನ್ನಿಗೆ ತಂತಿ ಚುಚ್ಚಿದರೆ ಅದು 3.3 ವೋಲ್ಟ್ ಸರಬರಾಜಿನ ಪಿನ್! ಇನ್ನೊಂದು ಕಾರಣ ಪಿನ್‌ಮಕ್ಸ್. ಪಿನ್ ಯುಎಆರ್‌ಟಿ ಅಥವಾ ಎಸ್‌ಪಿಐ ಕೆಲಸಕ್ಕೆ ಹೊಂದಿಸಿದ್ದರೆ ಜಿಪಿಐಒ ಆಗಿ ಕೇಳಿಸಿಕೊಳ್ಳುವುದಿಲ್ಲ. ಡಿಬಗ್ ಫೋಲ್ಡರ್‌ನ ಪಿನ್‌ಕಂಟ್ರೋಲ್ ವಿಭಾಗದಲ್ಲಿ ಪಿನ್ನಿನ ಈಗಿನ ಒಡೆಯ ಯಾರೆಂದು ಕಾಣುತ್ತದೆ.

ಸೆನ್ಸರ್ ಬೇಡ, ಜಂಪರ್ ತಂತಿಯಿಂದ ಪಿನ್ನನ್ನು ಗ್ರೌಂಡಿಗೆ ಒಮ್ಮೆ ಮುಟ್ಟಿಸಿಯೂ ನೋಡಬಹುದು. ಮಧ್ಯದಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಇರಲಿ.

ಹಂತ 4: ಡಿವೈಸ್ ಟ್ರೀಯ ಸಂಖ್ಯೆಗಳು

ಡೇಟಾಶೀಟ್‌ನ ಸಂಖ್ಯೆ, ಡಿವೈಸ್ ಟ್ರೀಯ (ಯಾವ ಸಾಧನ ಎಲ್ಲಿ ಜೋಡಿಸಿದೆ ಎಂದು ಕರ್ನಲ್‌ಗೆ ಹೇಳುವ ಫೈಲಿನ) ಸಂಖ್ಯೆ, ಪ್ರಾಕ್ ಇಂಟರಪ್ಟ್ಸ್ ಫೈಲಿನ ಎಡಗಡೆಯ ಸಂಖ್ಯೆ: ಈ ಮೂರೂ ಬೇರೆ ಬೇರೆ. ಎಡಗಡೆಯದ್ದನ್ನು ಕರ್ನಲ್ ಬೂಟ್ ಆಗುವಾಗ ತಾನೇ ಹಂಚುತ್ತದೆ. ಅದನ್ನು ನೋಡಿ ಕೋಡಿನಲ್ಲಿ ಬರೆದವರಿಗೆ ಕರ್ನಲ್ ಬದಲಾದ ದಿನ ಪೆಟ್ಟು ಬೀಳುತ್ತದೆ.

ಆರ್ಮ್ ಚಿಪ್ಪುಗಳ ಜಿಐಸಿ ಕಂಟ್ರೋಲರಿನಲ್ಲಿ 0ಯಿಂದ 15 ಸಿಪಿಯುಗಳ ನಡುವಿನ ಮಾತಿಗೆ, 16ರಿಂದ 31 ಪ್ರತಿ ಸಿಪಿಯುವಿನ ಸ್ವಂತ ಇಂಟರಪ್ಟಿಗೆ, 32ರಿಂದ ಮೇಲಿನವು ಹೊರಗಿನ ಸಾಧನಗಳಿಗೆ. ಡಿವೈಸ್ ಟ್ರೀಯಲ್ಲಿ ಮೂರು ಅಂಕಣ ಬರೆಯಬೇಕು. ಮೊದಲನೆಯದು ಹಂಚಿಕೊಂಡದ್ದಾದರೆ 0, ಸಿಪಿಯುವಿನ ಸ್ವಂತದ್ದಾದರೆ 1. ಎರಡನೆಯದು ಸಂಖ್ಯೆ, ಆದರೆ 32 ಅಥವಾ 16 ಕಳೆದು. ಡೇಟಾಶೀಟಿನಲ್ಲಿ 105 ಎಂದಿದ್ದರೆ ಇಲ್ಲಿ 73. ಕೆಲವು ಚಿಪ್ಪಿನ ಪುಸ್ತಕದಲ್ಲಿ ಕಳೆದ ಮೇಲಿನ ಸಂಖ್ಯೆಯನ್ನೇ ಅಚ್ಚು ಹಾಕಿರುತ್ತಾರೆ, ಆಗ ಮತ್ತೆ ಕಳೆದರೆ ತಪ್ಪು. ಅದೇ ಚಿಪ್ಪಿನ ಬೇರೊಂದು ಸಾಧನ, ಯುಎಆರ್‌ಟಿಯೇ ಇರಲಿ, ಅದರ ಸಂಖ್ಯೆ ಕರ್ನಲ್ ಮೂಲದಲ್ಲಿ ಹೇಗಿದೆಯೆಂದು ಪುಸ್ತಕದೊಂದಿಗೆ ಹೋಲಿಸಿ. ಅಷ್ಟು ಮಾಡಿದರೆ ಸಂಶಯ ಉಳಿಯುವುದಿಲ್ಲ. ಮೂರನೆಯ ಅಂಕಣ ಟ್ರಿಗರ್, ಅಂದರೆ ಸಿಗ್ನಲಿನ ಯಾವ ಬದಲಾವಣೆಗೆ ಅಥವಾ ಮಟ್ಟಕ್ಕೆ ಇಂಟರಪ್ಟ್ ಏಳಬೇಕು ಎಂಬುದು. ಜಿಪಿಐಒ ಕಂಟ್ರೋಲರುಗಳಿಗೆ ಸಾಮಾನ್ಯವಾಗಿ ಎರಡೇ ಅಂಕಣ: ಪಿನ್ ಸಂಖ್ಯೆ, ಟ್ರಿಗರ್.

ಎಕ್ಸ್‌ಪ್ಯಾಂಡರ್ ಚಿಪ್ (ಪಿನ್ನುಗಳ ಸಂಖ್ಯೆ ಹೆಚ್ಚಿಸುವ ಚಿಪ್) ಬಳಸುವವರು ಇಲ್ಲಿ ನಿಧಾನಿಸಿ. ಎಂಸಿಪಿ23017 ತಾನೂ ಒಂದು ಇಂಟರಪ್ಟ್ ಕಂಟ್ರೋಲರ್. ಅದರ ನೋಡ್‌ನಲ್ಲಿ ಇಂಟರಪ್ಟ್-ಕಂಟ್ರೋಲರ್ ಎಂಬ ಸಾಲು, ಇಂಟರಪ್ಟ್-ಸೆಲ್ಸ್ 2 ಎಂಬ ಸಾಲು, ಅದರ ಸ್ವಂತ ಲೈನ್ ಪೈಯ ಯಾವ ಪಿನ್ನಿಗೆ ಹೋಗಿದೆ ಎಂಬ ಸಾಲು ಮೂರೂ ಬೇಕು. ಈ ಚಿಪ್ಪಿಗೆ ಎ, ಬಿ ಎಂದು ಎರಡು ಇಂಟರಪ್ಟ್ ಪಿನ್ನುಗಳು. ಎ ಪಿನ್ನಿಗೆ ಮಾತ್ರ ತಂತಿ ಎಳೆದು ಮಿರರ್ ಆಯ್ಕೆ (ಎರಡೂ ಪಿನ್ನುಗಳನ್ನು ಒಂದಾಗಿ ನಡೆಸುವುದು) ಹಾಕದಿದ್ದರೆ ಮೊದಲ ಎಂಟು ಸ್ವಿಚ್ಚುಗಳು ಚೆನ್ನಾಗಿ ನಡೆಯುತ್ತವೆ, ಉಳಿದ ಎಂಟು ಮೌನ. ಈ ಲಕ್ಷಣ ಕಂಡರೆ ಬೇರೇನೂ ಹುಡುಕಬೇಡಿ. ಮೈಕ್ರೋಚಿಪ್ ಐಆರ್‌ಕ್ಯು-ಮಿರರ್ ಎಂಬ ಸಾಲು ಸೇರಿಸಿ.

ತಿದ್ದಿದ ಮೇಲೆ ಅದು ನಿಜವಾಗಿ ಬೋರ್ಡಿಗೆ ಹೋಗಿದೆಯೇ ನೋಡಿ. ಓಡುತ್ತಿರುವ ಟ್ರೀ ಪ್ರಾಕ್ ಫೋಲ್ಡರ್‌ನ ಡಿವೈಸ್-ಟ್ರೀ ವಿಭಾಗದಲ್ಲಿ ಇರುತ್ತದೆ. ಡಿಟಿಸಿ ಕಮಾಂಡಿನಿಂದ ಅದನ್ನು ಓದುವ ರೂಪಕ್ಕೆ ತರಬಹುದು. ಈಚಿನ ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಕಾನ್ಫಿಗ್ ಫೈಲ್ ಬೂಟ್ ಫೋಲ್ಡರ್‌ನೊಳಗಿನ ಫರ್ಮ್‌ವೇರ್ ಫೋಲ್ಡರ್‌ನಲ್ಲಿದೆ. ಹಳೆಯ ಜಾಗದ ಫೈಲ್ ತಿದ್ದಿ ಎರಡು ದಿನ ತಲೆಕೆಡಿಸಿಕೊಂಡವರನ್ನು ಕಂಡಿದ್ದೇನೆ.

ಹಂತ 5: ಟ್ರಿಗರ್ ಹೊಂದಿಕೆ

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಸಂಖ್ಯೆಗಳು ಇಷ್ಟೇ: 1 ಎಂದರೆ ಏರುವ ಎಡ್ಜ್, 2 ಇಳಿಯುವ ಎಡ್ಜ್, 3 ಎರಡೂ, 4 ಮೇಲಿನ ಲೆವೆಲ್, 8 ಕೆಳಗಿನ ಲೆವೆಲ್.

ಮೊದಲ ಬಲೆ. ಜಿಪಿಐಒ ಗುರುತುಗಳಲ್ಲಿ ಆಕ್ಟಿವ್-ಲೋ ಎಂಬುದರ ಬೆಲೆಯೂ 1. ಅದನ್ನು ತಂದು ಇಂಟರಪ್ಟ್ ಸಾಲಿನಲ್ಲಿ ಬರೆದರೆ ಕಂಪೈಲರ್ ತುಟಿ ಬಿಚ್ಚುವುದಿಲ್ಲ, ಕರ್ನಲ್ ಅದನ್ನು ಏರುವ ಎಡ್ಜ್ ಎಂದು ಓದುತ್ತದೆ. ನೀವು ಇಳಿಯುವುದಕ್ಕೆ ಕಾದಿರುತ್ತೀರಿ, ಅದು ಏರುವುದಕ್ಕೆ ಕಾದಿರುತ್ತದೆ.

ಎಡ್ಜೋ ಲೆವೆಲ್ಲೋ ಎಂದು ನಿರ್ಧರಿಸಲು ಒಂದೇ ಪ್ರಶ್ನೆ ಕೇಳಿ: ಲೈನನ್ನು ಹಿಡಿದಿರುವವರು ಯಾರು, ಬಿಡಿಸುವವರು ಯಾರು? ಎಂಸಿಪಿ23017 ಒಂದು ಘಟನೆ ಕಂಡೊಡನೆ ಲೈನ್ ಕೆಳಗೆ ಎಳೆದು, ಸಾಫ್ಟ್‌ವೇರ್ ಬಂದು ರಿಜಿಸ್ಟರ್ ಓದುವ ತನಕ ಬಿಡುವುದಿಲ್ಲ. ಅಂಥದ್ದಕ್ಕೆ 8, ಕೆಳಗಿನ ಲೆವೆಲ್. ಇದಕ್ಕೆ 2 ಬರೆದರೆ ಮೇಜಿನ ಮೇಲೆ ನಿಧಾನವಾಗಿ ಒತ್ತಿದಾಗ ಸರಿಯಾಗಿಯೇ ನಡೆಯುತ್ತದೆ. ಎರಡು ಸ್ವಿಚ್ಚು ಹತ್ತಿರ ಹತ್ತಿರ ಒತ್ತಿದ ದಿನ ಲೈನ್ ಕೆಳಗೇ ಉಳಿಯುತ್ತದೆ, ಹೊಸ ಎಡ್ಜ್ ಹುಟ್ಟುವುದಿಲ್ಲ, ಇಂಟರಪ್ಟ್ ಶಾಶ್ವತವಾಗಿ ನಿಲ್ಲುತ್ತದೆ. "ನಿನ್ನೆಯವರೆಗೆ ಸರಿ ಇತ್ತು" ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಇದನ್ನೇ.

ಫ್ಲೋಟ್ ಸ್ವಿಚ್ಚಿನ ಕತೆ ತಿರುವುಮುರುವು. ಅದನ್ನು ಹಿಡಿದಿರುವುದು ಟ್ಯಾಂಕಿನ ನೀರು. ನೀರನ್ನು ಯಾವ ರಿಜಿಸ್ಟರ್ ಓದಿಯೂ ಇಳಿಸಲಾಗದು. ಅದಕ್ಕೆ ಲೆವೆಲ್ ಟ್ರಿಗರ್ ಕೊಟ್ಟರೆ ಟ್ಯಾಂಕು ತುಂಬಿರುವಷ್ಟು ಹೊತ್ತೂ ಇಂಟರಪ್ಟ್ ಸುರಿಯುತ್ತದೆ. ಫ್ಲೋಟ್ ಸ್ವಿಚ್ಚು, ರೀಡ್ ಸ್ವಿಚ್ಚುಗಳಿಗೆ ಎಡ್ಜ್. ತುಂಬಿದ್ದೂ ಇಳಿದದ್ದೂ ಬೇಕಾದರೆ 3.

ಜಿಐಸಿಗೆ ನೇರ ಹೋಗುವ ಹೊರಗಿನ ಲೈನುಗಳಿಗೆ ಇನ್ನೊಂದು ಮಿತಿ ಉಂಟು. ಅದು 1 ಮತ್ತು 4ನ್ನು ಮಾತ್ರ ಒಪ್ಪುತ್ತದೆ. 2 ಅಥವಾ 8 ಕೊಟ್ಟರೆ ಮೈನಸ್ 22 ಎಂದು ತಿರಸ್ಕರಿಸುತ್ತದೆ. ಆಗ ಲೈನನ್ನು ಜಿಪಿಐಒ ಮೂಲಕ ತನ್ನಿ, ಇಲ್ಲವೇ ಹಾರ್ಡ್‌ವೇರಿನಲ್ಲೇ ತಿರುಗಿಸಿ.

ತಿರುಗಿಸುವ ಮಾತು ಬಂದಾಗ ಪೆರ್ಲ ಕಡೆಯ ಒಂದು ತೋಟ ನೆನಪಾಗುತ್ತದೆ. ಗುಡ್ಡದ ಮೇಲಿನ ಟ್ಯಾಂಕಿನಿಂದ ಪಂಪ್ ಶೆಡ್ಡಿಗೆ 40 ಮೀಟರ್ ತಂತಿ. ಸಿಡಿಲಿಗೆ ಒಂದು ಪಿನ್ ಸುಟ್ಟುಹೋದ ಮೇಲೆ ನಾನೇ ನಡುವೆ ಪಿಸಿ817 ಆಪ್ಟೊಕಪ್ಲರ್ (ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸಿ ಎರಡು ಬದಿ ಬೇರ್ಪಡಿಸುವ ಚಿಪ್) ಹಾಕಿದ್ದೆ. ಡ್ರೈವರ್ ಮುಟ್ಟಲಿಲ್ಲ. ಪ್ರಾಕ್ ಫೈಲಿನಲ್ಲಿ ಎಣಿಕೆ ಏರುತ್ತಿತ್ತು, ಎಲ್ಲ ಸರಿ ಎಂದು ಮನೆಗೆ ಬಂದೆ. ಮರುದಿನ ಯಜಮಾನರ ಫೋನು: "ಟ್ಯಾಂಕು ತುಂಬಿ ಹರಿದರೂ ಪಂಪು ನಿಲ್ಲುವುದಿಲ್ಲ, ನೀರು ಇಳಿಯುವಾಗ ನಿಲ್ಲುತ್ತದೆ. ಇದೆಂತ ಮಾರಾಯ?" ಸಂಜೆ ಟಾರ್ಚ್ ಹಿಡಿದು ಟ್ಯಾಂಕಿನ ಬಾಯಿಗೆ ಹತ್ತಿ ಫ್ಲೋಟನ್ನು ಕೈಯಿಂದ ಎತ್ತಿದೆ. ಫೋನಿನಲ್ಲಿ ತೆರೆದಿಟ್ಟ ಎಣಿಕೆ 6ರಲ್ಲೇ ಇತ್ತು. ಕೈ ಬಿಟ್ಟೆ, 7 ಆಯಿತು. ಮೊದಲು ಸ್ವಿಚ್ಚು ಮುಚ್ಚಿದಾಗ ಪಿನ್ ಏರುತ್ತಿತ್ತು. ಆಪ್ಟೊಕಪ್ಲರ್ ಬಂದ ಮೇಲೆ ಸ್ವಿಚ್ಚು ಮುಚ್ಚಿದರೆ ಒಳಗಿನ ಎಲ್‌ಇಡಿ ಹೊತ್ತಿ ಟ್ರಾನ್ಸಿಸ್ಟರ್ ಪಿನ್ನನ್ನು ಕೆಳಗೆ ಎಳೆಯುತ್ತದೆ. ಡಿವೈಸ್ ಟ್ರೀಯಲ್ಲಿ ಇದ್ದದ್ದು 1. ಅದನ್ನು 2 ಮಾಡಿದೆ, ಅಷ್ಟೇ. ಅಂದಿನಿಂದ ನಾನು ಎಣಿಕೆ ಏರಿತೇ ಎಂದು ಮಾತ್ರ ನೋಡುವುದಿಲ್ಲ, ಯಾವ ಕ್ಷಣಕ್ಕೆ ಏರಿತು ಎಂದೂ ನೋಡುತ್ತೇನೆ. ನೀವೂ ನೋಡಿ.

ಡ್ರೈವರ್ ಕೋಡಿನಲ್ಲಿ ಟ್ರಿಗರ್ ಬರೆಯಬೇಡಿ. ಬರೆದರೆ ಅದು ಡಿವೈಸ್ ಟ್ರೀಯಲ್ಲಿರುವುದನ್ನು ಮೀರುತ್ತದೆ, ಟ್ರೀ ತಿದ್ದಿದವರು ಏಕೆ ಬದಲಾಗಲಿಲ್ಲ ಎಂದು ಕೂತಿರುತ್ತಾರೆ. ತಂತಿ ಹೇಗೆ ಎಳೆದಿದೆ ಎಂಬುದು ಬೋರ್ಡಿನ ವಿಷಯ, ಅದು ಟ್ರೀಯಲ್ಲೇ ಇರಲಿ.

ಹಂತ 6: ರಿಕ್ವೆಸ್ಟ್ ವಿಫಲವಾದರೆ ಎರರ್ ಸಂಖ್ಯೆ ಓದಿ

"ಇಂಟರಪ್ಟ್ ಸಿಗಲಿಲ್ಲ" ಎಂದು ಮಾತ್ರ ಮುದ್ರಿಸುವ ಡ್ರೈವರ್ ನಿಮ್ಮ ಶತ್ರು. ಸಂಖ್ಯೆಯನ್ನೂ ಮುದ್ರಿಸಿ.

ಮೈನಸ್ 6 ಎಂದರೆ ಟ್ರೀಯಲ್ಲಿ ಇಂಟರಪ್ಟ್ ಸಾಲು ಸಿಕ್ಕಿಲ್ಲ. 4ನೇ ಹಂತಕ್ಕೆ ಹಿಂತಿರುಗಿ.

ಮೈನಸ್ 16 ಎಂದರೆ ಇನ್ನೊಬ್ಬರು ಹಿಡಿದಿದ್ದಾರೆ. ಕರ್ನಲ್ ಲಾಗ್‌ನಲ್ಲಿ ಫ್ಲ್ಯಾಗ್ಸ್ ಮಿಸ್‌ಮ್ಯಾಚ್ ಎಂಬ ಸಾಲಿನಲ್ಲಿ ಇಬ್ಬರ ಹೆಸರೂ ಇರುತ್ತದೆ. ಒಂದೇ ಲೈನನ್ನು ಹಂಚಿಕೊಳ್ಳಬೇಕಾದರೆ ಇಬ್ಬರೂ ಶೇರ್ಡ್ ಗುರುತು ಹಾಕಬೇಕು, ಇಬ್ಬರ ಟ್ರಿಗರ್ ಒಂದೇ ಇರಬೇಕು, ಒನ್‌ಶಾಟ್ ಗುರುತೂ (ಅದರ ಅರ್ಥ 7ನೇ ಹಂತದಲ್ಲಿದೆ) ಹೊಂದಬೇಕು.

ಮೈನಸ್ 22ಕ್ಕೆ ಕಾರಣ ಹಲವು. ಥ್ರೆಡ್ ಹ್ಯಾಂಡ್ಲರ್ (ಬೇರೆ ಥ್ರೆಡ್ಡಿನಲ್ಲಿ ಆಮೇಲೆ ಓಡುವ ಭಾಗ) ಮಾತ್ರ ಕೊಟ್ಟು, ಇಂಟರಪ್ಟ್ ಬಂದ ತಕ್ಷಣ ಓಡುವ ಮೊದಲ ಹ್ಯಾಂಡ್ಲರ್ ಜಾಗದಲ್ಲಿ ನಲ್ (ಖಾಲಿ) ಇಟ್ಟವರು ಒನ್‌ಶಾಟ್ ಗುರುತು ಮರೆತಿದ್ದರೆ ಇದು ಬರುತ್ತದೆ. ಶೇರ್ಡ್ ಎಂದು ಹೇಳಿ ಕೊನೆಯ ಡೆವ್ ಐಡಿ (ಹಂಚಿಕೊಂಡವರಲ್ಲಿ ಯಾರೆಂದು ಗುರುತಿಸುವ ಬೆಲೆ) ನಲ್ ಇದ್ದರೂ ಬರುತ್ತದೆ. ಕಂಟ್ರೋಲರ್ ಒಪ್ಪದ ಟ್ರಿಗರ್ ಕೊಟ್ಟರೂ ಬರುತ್ತದೆ. ಐ-ಟು-ಸಿ ಎಕ್ಸ್‌ಪ್ಯಾಂಡರಿನ ಹಿಂದಿನ ಪಿನ್ನಿಗೆ ಥ್ರೆಡ್ ಇಲ್ಲದ ಸಾದಾ ಹ್ಯಾಂಡ್ಲರ್ ಕೊಟ್ಟರೂ ಇದೇ ಉತ್ತರ.

ಮೈನಸ್ 517 ತಪ್ಪಲ್ಲ. ಕಂಟ್ರೋಲರಿನ ಡ್ರೈವರ್ ಇನ್ನೂ ಎದ್ದಿಲ್ಲ, ಮತ್ತೆ ಬಾ ಎಂದು ಕರ್ನಲ್ ಹೇಳುತ್ತಿದೆ. ಆ ಸಂಖ್ಯೆಯನ್ನು ಹಾಗೆಯೇ ಹಿಂದಿರುಗಿಸಿ. ಅದನ್ನು ಮೈನಸ್ 22ಕ್ಕೆ ಬದಲಿಸಿ ಹಿಂದಿರುಗಿಸುವ ಡ್ರೈವರುಗಳು ಎರಡನೆಯ ಅವಕಾಶವನ್ನೇ ಕಳೆದುಕೊಳ್ಳುತ್ತವೆ. ಅವುಗಳ ಲಕ್ಷಣವೆಂದರೆ ಬೂಟ್ ಆದಾಗ ನಡೆಯುವುದಿಲ್ಲ, ಕೈಯಿಂದ ಲೋಡ್ ಮಾಡಿದರೆ ನಡೆಯುತ್ತದೆ. ಕಾದು ಕುಳಿತವರ ಪಟ್ಟಿ ಡಿಬಗ್ ಫೋಲ್ಡರ್‌ನ ಡಿವೈಸಸ್ ಡಿಫರ್ಡ್ ಫೈಲಿನಲ್ಲಿ ಸಿಗುತ್ತದೆ.

ಹಂತ 7: ಈಗ ಹ್ಯಾಂಡ್ಲರ್

ಮೊದಲ ಹ್ಯಾಂಡ್ಲರಿನಲ್ಲಿ ನಿದ್ರಿಸುವ, ಅಂದರೆ ಕಾದು ಕೂರುವ, ಕೆಲಸ ಮಾಡಬಾರದು. ಐ-ಟು-ಸಿ (ಎರಡು ತಂತಿಯ ನಿಧಾನದ ಸಂಪರ್ಕ) ಓದುವುದು, ಮ್ಯೂಟೆಕ್ಸ್ (ಬೀಗ) ಹಿಡಿಯುವುದು ಎರಡೂ ನಿದ್ರಿಸುವ ಕೆಲಸಗಳು. ಲಾಗ್‌ನಲ್ಲಿ ಷೆಡ್ಯೂಲಿಂಗ್ ವೈಲ್ ಅಟಾಮಿಕ್ ಎಂದು ಕಂಡರೆ ಇದೇ. ರಿಕ್ವೆಸ್ಟ್ ಥ್ರೆಡೆಡ್ ಐಆರ್‌ಕ್ಯು ಬಳಸಿ, ಓದುವ ಕೆಲಸವನ್ನು ಥ್ರೆಡ್ಡಿಗೆ ಸರಿಸಿ, ಒನ್‌ಶಾಟ್ ಹಾಕಿ. ಒನ್‌ಶಾಟ್ ಇದ್ದರೆ ಥ್ರೆಡ್ ಮುಗಿಯುವ ತನಕ ಲೈನ್ ಮುಚ್ಚಿರುತ್ತದೆ.

ಸ್ಟೇಟಸ್ ಓದಿ, ಮೊದಲು ಕ್ಲಿಯರ್ ಮಾಡಿ, ಆಮೇಲೆ ಕೆಲಸ ಮಾಡಿ. ಎಲ್ಲ ಮುಗಿಸಿ ಕೊನೆಗೆ ಕ್ಲಿಯರ್ ಮಾಡಿದರೆ ನಡುವೆ ಬಂದ ಘಟನೆಯೂ ಅಳಿಸಿಹೋಗುತ್ತದೆ. ಸ್ಟೇಟಸ್ ಸೊನ್ನೆಯಾಗುವ ತನಕ ಮತ್ತೆ ಓದುವುದು ಒಳ್ಳೆಯದು.

ನನ್ನದಲ್ಲದ ಇಂಟರಪ್ಟಿಗೆ ಐಆರ್‌ಕ್ಯು ನನ್ ಎಂದೇ ಹಿಂದಿರುಗಿಸಿ. 1,00,000 ಇಂಟರಪ್ಟುಗಳಲ್ಲಿ 99,900ಕ್ಕಿಂತ ಹೆಚ್ಚನ್ನು ಯಾರೂ ತಮ್ಮದೆನ್ನದಿದ್ದರೆ ಕರ್ನಲ್ ನೋಬಡಿ ಕೇರ್ಡ್ ಎಂದು ಲಾಗ್ ಬರೆದು ಆ ಲೈನನ್ನೇ ಮುಚ್ಚುತ್ತದೆ. ಆ ಸಂದೇಶಕ್ಕೆ ಹೆದರಿ ಯಾವಾಗಲೂ ಹ್ಯಾಂಡ್ಲ್ಡ್ ಎಂದು ಹೇಳುವಂತೆ ಕೋಡ್ ಬರೆದರೆ ರಕ್ಷಣೆಯ ಬಾಗಿಲನ್ನೇ ಕಿತ್ತಂತೆ. ಮುಂದಿನ ಸಲ ಸಂದೇಶವಿಲ್ಲದೆ ಬೋರ್ಡು ಮರಗಟ್ಟುತ್ತದೆ. ಪ್ರಾಕ್ ಫೋಲ್ಡರ್‌ನಲ್ಲಿ ಐಆರ್‌ಕ್ಯು ಎಂಬ ಒಳಫೋಲ್ಡರ್, ಅದರಲ್ಲಿ ನಿಮ್ಮ ಸಂಖ್ಯೆ, ಅದರೊಳಗೆ ಸ್ಪ್ಯೂರಿಯಸ್ ಎಂಬ ಫೈಲ್. ಅನಾಥ ಇಂಟರಪ್ಟುಗಳ ಲೆಕ್ಕ ಅಲ್ಲಿ ಸಿಗುತ್ತದೆ.

ಪ್ರೋಬ್ ಫಂಕ್ಷನ್‌ನಲ್ಲಿ (ಸಾಧನ ಸಿಕ್ಕಾಗ ಡ್ರೈವರಿನಲ್ಲಿ ಮೊದಲು ಓಡುವುದು) ಮ್ಯೂಟೆಕ್ಸ್, ಬಫರ್, ಕಂಪ್ಲೀಶನ್ ಎಲ್ಲ ಸಿದ್ಧವಾದ ಮೇಲೆಯೇ ಇಂಟರಪ್ಟ್ ಕೇಳಿ. ಕೇಳಿದ ಮರುಕ್ಷಣವೇ ಅದು ಬರಬಹುದು. ಬೂಟ್‌ಲೋಡರ್ ಬಿಟ್ಟುಹೋದ ಹಳೆಯ ಸ್ಟೇಟಸ್ ಚಿಪ್ಪಿನಲ್ಲಿ ಉಳಿದಿದ್ದರೆ ಖಂಡಿತ ಬರುತ್ತದೆ. ಮೊದಲು ಚಿಪ್ಪಿನ ಇಂಟರಪ್ಟ್ ಮುಚ್ಚಿ, ಸ್ಟೇಟಸ್ ಕ್ಲಿಯರ್ ಮಾಡಿ, ಹ್ಯಾಂಡ್ಲರ್ ನೋಂದಾಯಿಸಿ, ಕೊನೆಗೆ ತೆರೆಯಿರಿ.

ಹ್ಯಾಂಡ್ಲರ್ ಒಳಗೆ ಪ್ರಿಂಟ್‌ಕೆ (ಲಾಗ್ ಬರೆಯುವ ಕರೆ) ತುಂಬಿಸುವುದು ಬೇಡ, ಅದೇ ಸಮಯವನ್ನು ಕೆಡಿಸುತ್ತದೆ. ಕರ್ನಲ್ ಒಳಗಿನ ನಡೆಯನ್ನು ದಾಖಲಿಸುವ ಸಾಧನ ಉಂಟು. ಎಫ್‌ಟ್ರೇಸ್‌ನ ಐಆರ್‌ಕ್ಯು ಹ್ಯಾಂಡ್ಲರ್ ಎಂಟ್ರಿ, ಎಕ್ಸಿಟ್ ಎಂಬ ಎರಡು ಘಟನೆಗಳನ್ನು ತೆರೆದರೆ ಒಳಹೊಕ್ಕ ಸಮಯ, ಹೊರಬಂದ ಸಮಯ, ಏನು ಹಿಂದಿರುಗಿಸಿತು ಎಂಬುದೆಲ್ಲ ಸಿಗುತ್ತದೆ.

ಹಂತ 8: ಹಳೆಯ ಡ್ರೈವರ್, ಹೊಸ ಕರ್ನಲ್

ಹಳೆಯ ಕರ್ನಲ್‌ನಲ್ಲಿ ನಡೆಯುತ್ತಿದ್ದ ಡ್ರೈವರನ್ನು ತರುವವರಿಗೆ ನಾಲ್ಕು ಮಾತು. ಐಆರ್‌ಕ್ಯು-ಎಫ್ ಡಿಸೇಬಲ್ಡ್ ಎಂಬ ಗುರುತು ಈಗ ಇಲ್ಲ, ಅಳಿಸಿಬಿಡಿ. ಪ್ಲಾಟ್‌ಫಾರ್ಮ್ ಗೆಟ್ ರಿಸೋರ್ಸ್ ಮೂಲಕ ಇಂಟರಪ್ಟ್ ಕೇಳುವುದು ಹೊಸ ಕರ್ನಲ್‌ಗಳಲ್ಲಿ ಡಿವೈಸ್ ಟ್ರೀ ಬೋರ್ಡುಗಳಿಗೆ ನಡೆಯುವುದಿಲ್ಲ. ಪ್ಲಾಟ್‌ಫಾರ್ಮ್ ಗೆಟ್ ಐಆರ್‌ಕ್ಯು ಬಳಸಿ. ಇದು ವಿಫಲವಾದರೆ ಋಣ ಸಂಖ್ಯೆ ಕೊಡುತ್ತದೆ. ಆದರೆ ಐಆರ್‌ಕ್ಯು ಆಫ್ ಪಾರ್ಸ್ ಆಂಡ್ ಮ್ಯಾಪ್ ವಿಫಲವಾದರೆ ಕೊಡುವುದು ಸೊನ್ನೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಕೆಳಗಿನ ಇಫ್ ಸಾಲನ್ನೂ ಬದಲಿಸಿ. ಕೋಡಿನಲ್ಲಿ ಬರೆದಿಟ್ಟ ಇಂಟರಪ್ಟ್ ಸಂಖ್ಯೆ ಎಲ್ಲಿ ಕಂಡರೂ ತೆಗೆಯಿರಿ.

ಹಂತ 9: ತೋಟದಲ್ಲಿ ಪರೀಕ್ಷೆ

ಮೇಜಿನ ಮೇಲೆ ಗೆದ್ದ ಬೋರ್ಡು ತೋಟದಲ್ಲಿ ಸೋಲುವುದಕ್ಕೆ ಎರಡು ಕಾರಣ. ಒಂದು, ಸ್ಟಾರ್ಟರಿನ ಕಾಂಟ್ಯಾಕ್ಟರ್ ಬಿಡುವಾಗ ಹುಟ್ಟುವ ಕಿಡಿಯ ವಿದ್ಯುತ್ ಗದ್ದಲ (ನಾಯ್ಸ್) ಉದ್ದ ತಂತಿಯಲ್ಲಿ ಸೇರಿ ಸುಳ್ಳು ಇಂಟರಪ್ಟ್ ಆಗುತ್ತದೆ. ಸೆನ್ಸರ್ ತಂತಿಯನ್ನು ಮೋಟಾರ್ ಕೇಬಲಿನ ಜತೆ ಒಂದೇ ಪೈಪಿನಲ್ಲಿ ಎಳೆಯಬೇಡಿ. ಹೆಣೆದ ಜೋಡಿ ತಂತಿ ಬಳಸಿ. ಪಿನ್ನಿನ ಬುಡದಲ್ಲಿ 10 ಕಿಲೋ ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 1 ಮಿಲಿಸೆಕೆಂಡಿನ ಜರಡಿ ಸಿಗುತ್ತದೆ. ಫ್ಲೋ ಸೆನ್ಸರಿಗೂ ಇದು ತೊಂದರೆಯಿಲ್ಲ, ವೈಎಫ್-ಎಸ್201 ನಿಮಿಷಕ್ಕೆ 30 ಲೀಟರ್ ಹರಿದಾಗಲೂ ಸೆಕೆಂಡಿಗೆ ಸುಮಾರು 225 ಪಲ್ಸ್ ಮಾತ್ರ ಕೊಡುತ್ತದೆ.

ಎರಡು, ಪೈಪಿನ ನೀರು ಧುಮುಕುವಾಗ ಟ್ಯಾಂಕಿನಲ್ಲಿ ಅಲೆ ಎದ್ದು ಫ್ಲೋಟ್ ಕುಣಿಯುತ್ತದೆ. ಒಂದು ಸಲ ತುಂಬಿದ್ದಕ್ಕೆ ಹತ್ತಾರು ಇಂಟರಪ್ಟ್ ಬರುತ್ತವೆ. ಇಷ್ಟನೇ ಇಂಟರಪ್ಟ್, ಹಾಗಾಗಿ ತುಂಬಿದೆ ಎಂದು ಎಣಿಸಿ ಊಹಿಸುವ ಕೋಡ್ ಇಲ್ಲಿ ದಾರಿ ತಪ್ಪುತ್ತದೆ. ಇಂಟರಪ್ಟ್ ಬಂದಾಗ ಒಂದು ಡಿಲೇಡ್ ವರ್ಕ್ ಹೂಡಿ, 200 ಮಿಲಿಸೆಕೆಂಡ್ ಕಳೆದು ಪಿನ್ನನ್ನೇ ಓದಿ. ಅದು ಹೇಳಿದ್ದೇ ಸತ್ಯ.

ಕೊನೆಯ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ನಮ್ಮ ಊರಿಗೆ ಮಾತ್ರ ಅದು ಬೇಕೇ ಬೇಕು. ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ, ಬರುತ್ತದೆ. ಟ್ಯಾಂಕು ತುಂಬಿದ ಹೊತ್ತಿನಲ್ಲಿ ಕರೆಂಟು ಹೋಗಿ ಬಂದರೆ ಬೋರ್ಡು ಎದ್ದಾಗ ಫ್ಲೋಟ್ ಆಗಲೇ ಮೇಲಿದೆ. ಎಡ್ಜ್ ಹುಟ್ಟುವುದಿಲ್ಲ, ಇಂಟರಪ್ಟ್ ಬರುವುದಿಲ್ಲ, ಡ್ರೈವರಿನ ಲೆಕ್ಕದಲ್ಲಿ ಟ್ಯಾಂಕು ಖಾಲಿ. ಆದ್ದರಿಂದ ಹ್ಯಾಂಡ್ಲರ್ ನೋಂದಾಯಿಸಿದ ಕೂಡಲೇ ಪಿನ್ನನ್ನು ಒಮ್ಮೆ ಓದಿ ಸ್ಥಿತಿ ತುಂಬಿಸಿಕೊಳ್ಳಬೇಕು. ನೋಂದಾಯಿಸುವ ಮೊದಲು ಓದಿದರೆ ನಡುವಿನ ಬದಲಾವಣೆ ತಪ್ಪಿಹೋಗುತ್ತದೆ. ಸ್ಟಾರ್ಟರಿನ ಫ್ಯೂಸ್ ಕಿಸೆಯಲ್ಲಿರುವಾಗಲೇ ಫ್ಲೋಟನ್ನು ಎತ್ತಿ ಕಟ್ಟಿ, ಬೋರ್ಡಿನ ಪ್ಲಗ್ ಕಿತ್ತು, ಹತ್ತು ಸೆಕೆಂಡ್ ಬಿಟ್ಟು ಚುಚ್ಚಿ. ಬೋರ್ಡು ಎದ್ದ ಮೇಲೆ ಪಂಪಿನ ರಿಲೇ ಟಿಕ್ ಅನ್ನದೆ ಸುಮ್ಮನಿದ್ದರೆ ಫ್ಯೂಸ್ ಹಾಕಬಹುದು.